ಮೊದಲು ಪುಸ್ತಕವೋ, ಮೊದಲು ವಿಮಾನವೋ: ಒಂದೇ ಮನೆಯ ಎರಡು ಪೈಲಟ್ ತರಬೇತಿಗಳು

ಪರೀಕ್ಷೆಗಳನ್ನೆಲ್ಲ ಮುಗಿಸಿಯೇ ಹಾರಲು ಹೋಗಬೇಕು, ಹಾರುವ ಜಾಗ ಮನೆಗೆ ಒಂದು ರೈಲಿನ ದೂರದಲ್ಲಿರಬೇಕು. ನನ್ನ ಪಕ್ಷ ಇದು ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ಎರಡನ್ನೂ ತಲೆಕೆಳಗು ಮಾಡಿದವನು, ನನ್ನ ತಮ್ಮ ನೆಟ್ಟಗೆ ಮಾಡಿದವನು. ದುಡ್ಡು ಹೋದದ್ದು ಮಾತ್ರ ಸಿಂಧನೂರಿನ ಒಂದೇ ಮನೆಯಿಂದ.

2016ರಲ್ಲಿ ಪಿಯುಸಿ ಮುಗಿಸಿ ಉತ್ತರ ಭಾರತದ ಒಂದು ಹಾರಾಟ ಶಾಲೆಗೆ ಸೇರಿದೆ. ಹಾರುತ್ತಲೇ ಓದಿಕೊಳ್ಳಬಹುದು ಎಂದರು, ನಂಬಿದೆ. ನಸುಕಿನಲ್ಲಿ ಎದ್ದು ವಿಮಾನದ ಸರದಿಗೆ ಕಾಯಬೇಕು, ಡಿಸೆಂಬರ್, ಜನವರಿಯಲ್ಲಿ ಮಂಜು ಕರಗುವುದಕ್ಕೂ ಕಾಯಬೇಕು. ಮಧ್ಯಾಹ್ನ ಕೋಣೆಗೆ ಬಂದರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ನ್ಯಾವಿಗೇಷನ್, ಅಂದರೆ ಆಕಾಶದಲ್ಲಿ ದಾರಿ ಲೆಕ್ಕ ಹಾಕುವ ವಿಷಯದ ಪುಸ್ತಕ ದಿಂಬಿನ ಪಕ್ಕದಲ್ಲೇ ಮಲಗಿರುತ್ತಿತ್ತು, ನನ್ನ ಹಾಗೆಯೇ. ಪೈಲಟ್ ಲೈಸೆನ್ಸ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಡಿಜಿಸಿಎ ನಡೆಸುವ ಪರೀಕ್ಷೆಯಲ್ಲಿ ಪಾಸಾಗಲು ನೂರಕ್ಕೆ 70 ಬೇಕು. ನ್ಯಾವಿಗೇಷನ್‌ನಲ್ಲಿ ನನಗೆ ಅದು ಸಿಕ್ಕಿದ್ದು ಮೂರನೆಯ ಸಲ.

ಅದನ್ನೂ ಸಹಿಸಬಹುದಿತ್ತು. ನನ್ನನ್ನು ಕೆಡವಿದ್ದು ಆರ್‌ಟಿಆರ್, ಅಂದರೆ ವಿಮಾನದ ರೇಡಿಯೊ ಬಳಸಲು ಬೇಕಾದ ಪರವಾನಗಿಯ ಪರೀಕ್ಷೆ. ಆಗ ಅದನ್ನು ದೂರಸಂಪರ್ಕ ಇಲಾಖೆ ವರ್ಷಕ್ಕೆ ಕೆಲವೇ ಬಾರಿ, ಕೆಲವೇ ನಗರಗಳಲ್ಲಿ ನಡೆಸುತ್ತಿತ್ತು. ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಅದು ಡಿಜಿಸಿಎ ಕೈಗೆ ಬಂದಿದೆ. ನನಗೆ ಈ ಪರೀಕ್ಷೆಯ ಬಗ್ಗೆ ತುಸು ಅಹಂಕಾರವಿತ್ತು. ಗಾಳಿಯಲ್ಲಿ ಕುಳಿತು ಮೂರಕ್ಕೆ ‘ಟ್ರೀ’, ಒಂಬತ್ತಕ್ಕೆ ‘ನೈನರ್’ ಎಂದು ದಿನವೂ ಹೇಳುವವನಿಗೆ ಇದೇನು ಮಹಾ ಎಂದುಕೊಂಡಿದ್ದೆ. ಮಾತನಾಡಿ ತೋರಿಸುವ ಭಾಗ ನಿಜಕ್ಕೂ ಸಲೀಸಾಯಿತು. ಎರಡನೆಯದು ಮೌಖಿಕ ಪರೀಕ್ಷೆ. ತುರ್ತು ಆವರ್ತನ 121.5 ಮೆಗಾಹರ್ಟ್ಸ್ ಎಂದು ಥಟ್ಟನೆ ಹೇಳಿದೆ. ರೇಡಿಯೊ ಅಲೆ ಅಯಾನುಗೋಳಕ್ಕೆ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರಕ್ಕೆ ತಾಗಿ ಹೇಗೆ ಹಿಂತಿರುಗುತ್ತದೆ ಎಂದು ಕೇಳಿದಾಗ ಬಾಯಿ ಕಟ್ಟಿತು. ಫೇಲಾದೆ.

ಫೇಲಾದರೆ ಮತ್ತೆ ಬರೆಯಬಹುದಲ್ಲ ಎಂದು ನಮ್ಮ ಮನೆಯಲ್ಲೂ ಅಂದರು. ಆದರೆ ಅಷ್ಟರಲ್ಲಿ ನನ್ನ 200 ಗಂಟೆಗಳ ಹಾರಾಟ ಮುಗಿದಿತ್ತು. ಆ ಖುಷಿಗೆ ಸಿದ್ಧಪರ್ವತದ ಅಂಬಾದೇವಿಗೆ ಕಾಯಿ ಒಡೆಸಿಯೂ ಆಗಿತ್ತು. ಆ 200ರಲ್ಲಿ 100 ಗಂಟೆ ನಾನೇ ವಿಮಾನದ ಹೊಣೆ ಹೊತ್ತು ಹಾರಿದ್ದಿರಬೇಕು, ಆ ನೂರರಲ್ಲಿ 15 ಗಂಟೆ ಲೈಸೆನ್ಸಿಗೆ ಅರ್ಜಿ ಹಾಕುವ ಹಿಂದಿನ ಆರು ತಿಂಗಳೊಳಗಿನದ್ದಾಗಿರಬೇಕು ಎಂಬುದು ನಾನು ಅರ್ಜಿ ಹಾಕುವಾಗಿನ ನಿಯಮ. ಮುಂದಿನ ಆರ್‌ಟಿಆರ್ ಬಂದು, ಫಲಿತಾಂಶ ಕೈಸೇರುವಷ್ಟರಲ್ಲಿ ಆ ಆರು ತಿಂಗಳು ದಾಟಿಹೋದವು. ಹಾರಿದ ಗಂಟೆಗಳು ಹಾಲಿನ ಹಾಗೆ ಹಳಸುತ್ತವೆ ಎಂದು ಸೇರುವಾಗ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಗಂಟೆಗೆ 12,000 ರೂಪಾಯಿಯಂತೆ ಇನ್ನೊಮ್ಮೆ 15 ಗಂಟೆ ಹಾರಿದೆ. ಒಟ್ಟು 1.8 ಲಕ್ಷ. ಆ ವರ್ಷದ ಭತ್ತದ ದರದಲ್ಲಿ ಅದು ನಾಲ್ಕು ಎಕರೆಯ ಒಂದು ಬೆಳೆ, ಗೊಬ್ಬರ, ಕೂಲಿ ಕಳೆಯದೆ. ‘ಅಷ್ಟು ಹೊತ್ತು ಹಾರಿ ಎಲ್ಲಿಗೆ ಹೋಗಿ ಬಂದೆ?’ ಎಂದು ಅಪ್ಪ ಕೇಳಿದರು. ಎಲ್ಲಿಗೂ ಹೋಗಿರಲಿಲ್ಲ, ಅದೇ ಮೈದಾನವನ್ನು ಸುತ್ತಿದ್ದೆ.

ತಮ್ಮನ ಸರದಿ ಬಂದಾಗ ಅಪ್ಪ ಒಂದೇ ಷರತ್ತು ಹಾಕಿದರು: ಕಾಗದವೆಲ್ಲ ಕೈಗೆ ಬರುವ ತನಕ ವಿಮಾನಕ್ಕೆ ಬಿಡಿಗಾಸಿಲ್ಲ. ಅವನು ಮೊದಲು ಎರಡನೇ ದರ್ಜೆಯ, ಆಮೇಲೆ ಒಂದನೇ ದರ್ಜೆಯ ವೈದ್ಯಕೀಯ ಪರೀಕ್ಷೆ ಮುಗಿಸಿಕೊಂಡ. ಬಣ್ಣ ಗುರುತಿಸುವ ದೋಷವಿದ್ದರೆ ಲಕ್ಷಾಂತರ ಕಟ್ಟುವ ಮೊದಲೇ ಗೊತ್ತಾಗಲಿ. ನಂತರ ಹೈದರಾಬಾದಿನಲ್ಲಿ ಒಂದು ಕೋಣೆ, ಒಂದು ವರ್ಷ. ಏರ್ ರೆಗ್ಯುಲೇಷನ್, ಹವಾಮಾನ, ನ್ಯಾವಿಗೇಷನ್, ಟೆಕ್ನಿಕಲ್ ಜನರಲ್, ಕೊನೆಗೆ ಆರ್‌ಟಿಆರ್. ಉಳಿದದ್ದು ಟೆಕ್ನಿಕಲ್ ಸ್ಪೆಸಿಫಿಕ್ ಒಂದೇ. ಅದು ಹಾರುವ ವಿಮಾನದ ಮಾದರಿಯ ಮೇಲಿನ ಪತ್ರಿಕೆ, ಶಾಲೆ ಗೊತ್ತಾಗದೆ ಬರೆಯುವಂತಿಲ್ಲ. ಈ ಕ್ರಮದ ಕಷ್ಟವನ್ನೂ ಹೇಳಬೇಕು. ವರ್ಷವಿಡೀ ವಿಮಾನವನ್ನು ಕಾಣದೆ ವಿಮಾನದ ಬಗ್ಗೆ ಓದುವುದು ಬಾವಿಯಿಲ್ಲದೆ ಈಜು ಕಲಿತಂತೆ. ಹಬ್ಬಕ್ಕೆ ಬಂದಾಗ ನೆಂಟರು ‘ಇನ್ನೂ ಹಾರಿಲ್ಲವೇ?’ ಎನ್ನುವುದು ಬೇರೆ.

ಜಾಗದ ವಿಚಾರ. ಬೆಂಗಳೂರಿನ ಜಕ್ಕೂರಿನಲ್ಲಿ 1940ರ ದಶಕದಲ್ಲೇ ಆರಂಭವಾದ ಸರ್ಕಾರಿ ಶಾಲೆಯನ್ನು ನೋಡಿ ಬರಲು ಹೋಗಿದ್ದೆವು. ಅಲ್ಲಿನ ಮನೆ ಬಾಡಿಗೆ ಕೇಳಿ ಅದೇ ರಾತ್ರಿ ಬಸ್ ಹತ್ತಿದೆವು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹಾರಾಟ ಶಾಲೆಗಳಿಗೆ ಆರಿಸಿದ ಐದು ನಿಲ್ದಾಣಗಳಲ್ಲಿ ನಮ್ಮ ರಾಜ್ಯದ ಬೆಳಗಾವಿ ಮತ್ತು ಕಲಬುರಗಿ ಇದ್ದವು. ರಾಯಚೂರಿನಿಂದ ಯಾದಗಿರಿ, ವಾಡಿ ದಾಟಿದರೆ ಕಲಬುರಗಿ. ತಮ್ಮ ಅಲ್ಲೇ ಹಾರಿದ. ಉದ್ದದ ರನ್‌ವೇ, ದೊಡ್ಡ ವಿಮಾನಗಳ ಗದ್ದಲ ಕಡಿಮೆ, ಉತ್ತರದ ಹಾಗೆ ವಾರಗಟ್ಟಲೆ ಮಂಜಿಲ್ಲ. ಬೇಸಿಗೆ ಮಾತ್ರ ನಮ್ಮ ಕಡೆಯದೇ. ಬಿಸಿಗಾಳಿ ತೆಳುವಾಗಿ ಪುಟ್ಟ ಎಂಜಿನ್ ಮೇಲೇರಲು ಏದುಸಿರು ಬಿಡುತ್ತದೆ, ಕಾದ ಎರೆಭೂಮಿಯಿಂದೇಳುವ ಗಾಳಿ ವಿಮಾನವನ್ನು ಚಕ್ಕಡಿಯಂತೆ ಕುಲುಕುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಹೊತ್ತು ಬಿಟ್ಟರೆ ಸಂಜೆಯೇ ಗತಿ. ಬಿಸಿಲಲ್ಲಿ ಬೆಳೆದವನಿಗೆ ಅದು ತೊಂದರೆಯಾಗಿ ಕಾಣಲಿಲ್ಲ.

ಗಂಗಾವತಿಯ ನಮ್ಮ ಸೋದರಮಾವನ ಮಗ ದಕ್ಷಿಣ ಆಫ್ರಿಕಾಕ್ಕೆ ಹೋದ. ಅವನ ಗಂಟೆಗಳು ನನಗಿಂತ ಬೇಗ ತುಂಬಿದವು, ಒಪ್ಪುತ್ತೇನೆ. ಆದರೆ ಅಲ್ಲಿನ ಲೈಸೆನ್ಸನ್ನು ಇಲ್ಲಿಗೆ ಬದಲಿಸಿಕೊಳ್ಳಲು ಇಲ್ಲಿನ ಪರೀಕ್ಷೆ, ಆರ್‌ಟಿಆರ್, ಇಲ್ಲಿನ ವಿಮಾನದಲ್ಲಿ ಮತ್ತೆ ಹಾರಿ ತೋರಿಸುವುದು ಎಲ್ಲವೂ ಬೇಕು. ಕಡೆಗೆ ಅವನೂ ನನ್ನ ಸಾಲಿಗೇ ಬಂದ. ಅವರಿಗೆ ರೈಸ್ ಮಿಲ್ ಇದೆ, ತಡೆದುಕೊಂಡರು.

ಸಾಲದ ಬಗ್ಗೆ ಒಂದು ಮಾತು: ನಾವು ಕೇಳಿದ ಬ್ಯಾಂಕು ಗದ್ದೆಯನ್ನು ಅಡವಿಗೆ ಒಪ್ಪಲಿಲ್ಲ, ಪಟ್ಟಣದ ನಿವೇಶನದ ಪತ್ರ ಕೇಳಿತು.

ಕೈಯಲ್ಲಿ ಪೂರ್ತಿ ದುಡ್ಡಿದ್ದು, ದಣಿದ ಮೇಲೂ ಓದುವ ಅಭ್ಯಾಸವಿದ್ದವರಿಗೆ ನನ್ನ ದಾರಿಯೂ ಆಗಬಹುದು. ನನಗೆ ಎರಡೂ ಇರಲಿಲ್ಲ. ಮೊನ್ನೆ ಮಾನ್ವಿಯ ಒಬ್ಬ ಹುಡುಗಿ ಕೇಳಿಕೊಂಡು ಬಂದಿದ್ದಳು. ತಮ್ಮನ ಕ್ರಮವನ್ನೇ ಬರೆದುಕೊಟ್ಟೆ. ಪಿಯುಸಿಯಲ್ಲಿ ಅವಳದು ವಾಣಿಜ್ಯ ವಿಭಾಗ. ಹಾಗಾಗಿ ವೈದ್ಯಕೀಯ ಪರೀಕ್ಷೆ ಆದೊಡನೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಭೌತವಿಜ್ಞಾನ, ಗಣಿತ ಎರಡನ್ನೂ ಪಾಸು ಮಾಡಿಕೊಳ್ಳುವುದು ಎಂಬ ಸಾಲನ್ನು ನಡುವೆ ಸೇರಿಸಬೇಕಾಯಿತು.