ಗಚ್ಚಿನ ಮನೆಗೊಂದು ತಿಪ್ಪಿ: ಮೂರು ಮಡಕೆಯ ಕಾಂಪೋಸ್ಟ್ ಸೆಟ್ ವಿಜಯಪುರದ ಬಿಸಿಲಿಗೆ ತಾಳೀತೆ?

ಮಡಕೆ ಚಲೋ, ಪುಡಿ ದಂಡ, ಕೈಪಿಡಿ ಬೇರೆ ಊರಿನದು. ಆನ್‌ಲೈನ್‌ನಲ್ಲಿ ಸಿಗುವ ಮೂರು ಹಂತದ ಮಣ್ಣಿನ ಕಾಂಪೋಸ್ಟ್ ಸೆಟ್‌ಗಳ ಬಗ್ಗೆ ಅವಸರದಲ್ಲಿ ಕೇಳುವವರಿಗೆ ಇಷ್ಟು ಸಾಕು. ಕೊಂಡು ಎರಡೇ ತಿಂಗಳಿಗೆ ಅದರಲ್ಲಿ ತುಳಸಿ ಹಚ್ಚಿ ಕೂತವರು ಮುಂದೆ ಓದಿ. ತಪ್ಪು ನಿಮ್ಮದಾಗಿರಲಿಕ್ಕಿಲ್ಲ.

ಪೆಟ್ಟಿಗೆಯಲ್ಲಿ ಬರುವುದು ಒಂದರ ಮೇಲೊಂದು ಕೂಡುವ ಮೂರು ಮಡಕೆ, ಒಂದು ಮುಚ್ಚಳ, ಕೆದಕಲು ಸಣ್ಣ ಕೈಕುಂಟೆ, ತೆಂಗಿನ ನಾರಿನ ಪುಡಿಯ ಇಟ್ಟಿಗೆ ಮತ್ತು ಕೊಳೆಸುವ ಸೂಕ್ಷ್ಮಜೀವಿಗಳಿವೆ ಎನ್ನುವ ಒಂದು ಪಾಕೀಟು. ಕೆಳಗಿನ ಮಡಕೆಗೆ ತಳವಿರುತ್ತದೆ. ಮೇಲಿನ ಎರಡಕ್ಕೆ ತಳದ ಬದಲು ತೂತುಗಳು ಅಥವಾ ಹಗ್ಗದ ಜಾಳಿಗೆ ಇರುತ್ತದೆ. ಮೇಲಿನದು ತುಂಬಿದಾಗ ನಡುವಿನ ಜಾಗಕ್ಕೆ ಇಳಿಸಿ, ಖಾಲಿ ಮಡಕೆಯನ್ನು ಮೇಲಿಡಬೇಕು. ಅದೂ ತುಂಬುವ ಹೊತ್ತಿಗೆ ನಡುವಿನದರ ಕಸವನ್ನು ಕೆಳಗಿನದಕ್ಕೆ ಸುರಿಯಬೇಕು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಮುಕ್ಕಾಲರಿಂದ ಒಂದು ಕಿಲೋ ಹಸಿ ಕಸ ಬೀಳುತ್ತದೆ. ಒಂದು ಮಡಕೆ ತುಂಬಲು ಸುಮಾರು ಒಂದು ತಿಂಗಳು, ಗೊಬ್ಬರ ಕೈಗೆ ಬರಲು ಎರಡೂವರೆ-ಮೂರು ತಿಂಗಳು. ತಿಂಗಳ 25–30 ಕಿಲೋ ಕಸ ಕೊನೆಗೆ ಆರೇಳು ಕಿಲೋಕ್ಕೆ ಇಳಿಯುತ್ತದೆ.

ಬಂದ ಕೂಡಲೇ ಎರಡು ವಿಷಯ ನೋಡಬೇಕು. ಮೊದಲನೆಯದು ಬಾಯಂಚು. ಅಂಚು ಒಂದು ಬೆರಳಿನಷ್ಟು ಒಡೆದಿದ್ದರೂ ಮಡಕೆ ಸರಿಯಾಗಿ ಕೂಡುವುದಿಲ್ಲ, ಆ ಸಂದಿಯಿಂದ ಮಳೆಗಾಲದಲ್ಲಿ ನೀರು, ಉಳಿದ ಕಾಲದಲ್ಲಿ ಇಲಿ. ವಾಪಸ್ ಕಳಿಸಿ. ಎರಡನೆಯದು ಹಗ್ಗ. ಜಾಳಿಗೆಯ ಹಗ್ಗ ಸೆಣಬಿನದೋ ಹತ್ತಿಯದೋ ಆಗಿದ್ದರೆ ಕಸದ ಜೊತೆ ಅದೂ ಕೊಳೆಯುತ್ತದೆ, ಮೂರನೇ ತಿಂಗಳಿಗೆ ತುಂಬಿದ ಮಡಕೆ ಎತ್ತುವಾಗ ತಳ ಕಳಚಿ ಎಲ್ಲವೂ ಕಾಲ ಮೇಲೆ. ಮೊದಲ ದಿನವೇ ನೈಲಾನ್ ಹಗ್ಗ ಕಟ್ಟಿಕೊಳ್ಳುವುದು ಒಳ್ಳೆಯದು. ತುಂಬಿದ ಮಡಕೆ 15–20 ಕಿಲೋ ತೂಗುತ್ತದೆ. ಸೊಂಟ ನೋವಿನವರು ಇರುವ ಮನೆಯಲ್ಲಿ ಮೂರನ್ನೂ ಒಂದರ ಮೇಲೊಂದು ಪೇರಿಸದೆ ಸಾಲಾಗಿ ಇಡಿ. ತಳವಿಲ್ಲದ ಎರಡರ ಅಡಿಗೆ ಪ್ಲಾಸ್ಟಿಕ್ ತಟ್ಟೆ ಇಟ್ಟು, ಬಾಯಿಗೆ ಹಂಚು ಮುಚ್ಚಿದರೆ ಕೆಲಸ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ಇನ್ನು ತೆಂಗಿನ ನಾರಿನ ಪುಡಿ. ತೆಂಗಿನ ಸೀಮೆಯವರಿಗೆ ಅದು ಕೈಗೆಟುಕುವ ವಸ್ತು. ಜೋಳ, ಶೇಂಗಾ, ಕಬ್ಬು ಬೆಳೆಯುವ ನಮ್ಮ ಕಡೆ ಅದನ್ನು ದುಡ್ಡು ಕೊಟ್ಟು ತರಿಸುವುದು ಹೊಳೆಯ ದಂಡೆಯಲ್ಲಿ ಕೂತು ಬಾಟಲಿ ನೀರು ಕುಡಿದಂತೆ. ಹಸಿ ಕಸದಲ್ಲಿ ಸಾರಜನಕ ಹೆಚ್ಚು, ಇಂಗಾಲ ಕಡಿಮೆ. ಕೊಳೆಸುವ ಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25–30 ಪಾಲು ಇಂಗಾಲ ಬೇಕು. ಆ ಇಂಗಾಲ ಯಾವ ಒಣ ವಸ್ತುವಿನಿಂದ ಬಂದರೂ ನಡೆಯುತ್ತದೆ. ಜೋಳದ ಕಣಕಿ (ಒಣ ದಂಟು) ಎಲ್ಲಕ್ಕಿಂತ ಮೇಲು. ಅದು ದನದ ಮೇವು ಎಂಬುದು ನೆನಪಿರಲಿ, ಗ್ವಾದಲಿಯಲ್ಲಿ (ಮೇವಿನ ತೊಟ್ಟಿಯಲ್ಲಿ) ದನ ಬಿಟ್ಟ ಬಿರುಸು ದಂಟು ಕೇಳಿ ತಂದರೆ ಸಾಕು. ಒಂದೆರಡು ಇಂಚು ಕತ್ತರಿಸಬೇಕು. ಬಾಗಲಕೋಟೆ, ಬೆಳಗಾವಿ ಕಡೆಯವರಿಗೆ ಕಬ್ಬಿನ ರವದಿ, ಅಂದರೆ ಒಣ ಗರಿ ಇದೆ. ಕಟಾವು ಮುಗಿದ ಮೇಲೆ ಹೊಲದಲ್ಲೇ ಬೆಂಕಿ ಹಚ್ಚುವ ವಸ್ತು ಅದು. ಎರಡು ಗೋಣಿಚೀಲ ತಂದಿಟ್ಟರೆ ಒಂದು ಮನೆಗೆ ತಿಂಗಳುಗಟ್ಟಲೆ ಸಾಕು. ಇಡಿ ಗರಿ ಹಾಕಿದರೆ ಚಾಪೆಯಂತೆ ಹೆಣೆದುಕೊಂಡು ಗಾಳಿ ತಡೆಯುತ್ತದೆ, ಆದ್ದರಿಂದ ಇದನ್ನೂ ಕತ್ತರಿಸಲೇಬೇಕು. ಶೇಂಗಾ ಸಿಪ್ಪೆ ಅಡಕವಾಗಿ ಕೂಡುವುದಿಲ್ಲ, ಹೀಗಾಗಿ ಗಾಳಿಯಾಡಲು ಅದಕ್ಕೆ ಸಮ ಯಾವುದೂ ಇಲ್ಲ. ಮೂರು ತಿಂಗಳಲ್ಲಿ ಪೂರ್ತಿ ಕೊಳೆಯುವುದೂ ಇಲ್ಲ, ಜರಡಿ ಹಿಡಿದಾಗ ಉಳಿದದ್ದನ್ನು ಮತ್ತೆ ಮೇಲಿನ ಮಡಕೆಗೆ ಹಾಕಿ. ತೊಗರಿ ಹೊಟ್ಟು, ಕಡಲೆ ಹೊಟ್ಟು, ಬೇಸಿಗೆ ಮೊದಲು ರಸ್ತೆಗೆ ಉದುರುವ ಬೇವಿನ ಎಲೆ ಎಲ್ಲವೂ ಆದೀತು. ಕುಸುಬಿ ಹೊಟ್ಟಿನ ತಂಟೆಗೆ ಮಾತ್ರ ಹೋಗಬೇಡಿ, ಕೆದಕುವಾಗ ಅಂಗೈ ತುಂಬ ಮುಳ್ಳು. ಕಟ್ಟಿಗೆ ಅಡ್ಡೆಯ ಗರಗಸದ ಪುಡಿ ಸ್ವಲ್ಪ ಬೆರೆಸಬಹುದು, ಪ್ಲೈವುಡ್ ಕೊಯ್ದ ಪುಡಿಯಲ್ಲಿ ಅಂಟು ಇರುವುದರಿಂದ ಅದು ಬೇಡ.

ಆ ಪಾಕೀಟಿನ ಪುಡಿಗೆ ಬದಲಾಗಿ ಒಂದು ಕಿಲೋ ಹಸಿ ಸಗಣಿಯನ್ನು ಐದು ಲೀಟರ್ ನೀರಿನಲ್ಲಿ ಕದಡಿ, ಮೊದಲ ಸಲ ಒಂದು ತಂಬಿಗೆ ಚಿಮುಕಿಸಿದರೆ ಮುಗಿಯಿತು. ಎರಡನೇ ಸುತ್ತಿಗೆ ಸಿದ್ಧ ಗೊಬ್ಬರದ ಎರಡು ಹಿಡಿಯೇ ಹೆಪ್ಪು. ಬೆಲ್ಲ ಕರಗಿಸಿ ಹಾಕಿ ಎನ್ನುವವರಿದ್ದಾರೆ. ಹಾಕಿದರೆ ಇರುವೆಗಳಿಗೆ ಹಬ್ಬ. ಮಹಾಲಿಂಗಪುರದ ಬೆಲ್ಲ ಹೋಳಿಗೆಗೆ ಇರಲಿ.

ತುಂಬುವ ಕ್ರಮ: ತಳದಲ್ಲಿ ಒಂದು ಹಾಳೆ ವೃತ್ತಪತ್ರಿಕೆ, ಅದರ ಮೇಲೆ ಎರಡು ಇಂಚು ಒಣ ವಸ್ತು. ದಿನದ ಹಸಿ ಕಸವನ್ನು ಎರಡು ಇಂಚಿಗಿಂತ ದೊಡ್ಡದಿಲ್ಲದಂತೆ ಕತ್ತರಿಸಿ ಹಾಕಿ, ಮೇಲೆ ಒಣ ವಸ್ತು ಮುಚ್ಚಬೇಕು. ಹಸಿ ಕಸ ಒಂದು ಬಟ್ಟಲಾದರೆ ಒಣದ್ದೂ ಒಂದು ಬಟ್ಟಲು. ಹಸಿ ಕಸದ ಮುಖ ಕಾಣಬಾರದು, ಕಂಡರೆ ನೊಣ ಬಂದಂತೆಯೇ. ನಾಲ್ಕು ದಿನಕ್ಕೊಮ್ಮೆ ಮೇಲಿನ ಅರ್ಧವನ್ನು ಕೆದಕಿ. ತಳದವರೆಗೆ ದಿನವೂ ಕಲಕುವ ಉತ್ಸಾಹ ಬೇಡ, ಸಣ್ಣ ಮಡಕೆಯಲ್ಲಿ ಇರುವಷ್ಟು ಶಾಖವೂ ಹಾರಿಹೋಗುತ್ತದೆ.

ಕೈಪಿಡಿ ದಾರಿ ತಪ್ಪಿಸುವುದು ನೀರಿನ ವಿಷಯದಲ್ಲಿ. ‘ನೀರು ಹಾಕಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಬೆಂಗಳೂರಿನ ಬಾಲ್ಕನಿಗೆ ಅದು ಸರಿ. ಏಪ್ರಿಲ್-ಮೇದಲ್ಲಿ 40 ಡಿಗ್ರಿ ಮುಟ್ಟುವ ವಿಜಯಪುರದಲ್ಲಿ, ಹರವಿಯ ನೀರು ತಣ್ಣಗಾಗುವ ಕಾರಣವೇ ಈ ಮಡಕೆಯ ಕಸ ಒಣಗುವ ಕಾರಣ: ಸುಟ್ಟ ಮಣ್ಣಿನ ಮೈಯಿಂದ ತೇವ ಸದಾ ಆರುತ್ತಿರುತ್ತದೆ. ವಾರದಲ್ಲಿ ಉಳ್ಳಾಗಡ್ಡಿ ಸಿಪ್ಪೆ ಹಪ್ಪಳವಾಗುತ್ತದೆ, ಮೆಂತ್ಯದ ದಂಟು ಹುಲ್ಲಾಗುತ್ತದೆ. ವಾಸನೆ ಇಲ್ಲ, ಹುಳ ಇಲ್ಲ ಎಂದು ಹಿಗ್ಗುವಷ್ಟರಲ್ಲಿ ಮೂರು ತಿಂಗಳು ಕಳೆದು, ಹಾಕಿದ ಕಸ ಹಾಕಿದಂತೆಯೇ ಒಣಗಿ ಕೂತಿರುತ್ತದೆ. ಮುಷ್ಟಿ ಪರೀಕ್ಷೆ ಮಾಡಿ. ನಡುವಿನಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು. ಹನಿ ಬಾರದೆ ಪುಡಿಯಾದರೆ ಒಂದು ಲೋಟ ನೀರು ಚಿಮುಕಿಸಿ, ಮರುದಿನ ಮತ್ತೆ ನೋಡಿ. ಬಿರುಬೇಸಿಗೆಯಲ್ಲಿ ಎರಡು-ಮೂರು ದಿನಕ್ಕೊಮ್ಮೆ ಇದು ಬೇಕಾಗುತ್ತದೆ, ಒಣ ವಸ್ತುವನ್ನೂ ಮುಕ್ಕಾಲು ಬಟ್ಟಲಿಗೆ ಇಳಿಸಬಹುದು. ಮಡಕೆಯನ್ನು ಮಾಳಿಗೆ ಮೇಲೆ ಇಡಲೇಬೇಡಿ. ಮನೆಯ ಉತ್ತರದ ಗೋಡೆಯ ನೆರಳು ಅಥವಾ ಜಿನೆಯ (ಮೆಟ್ಟಿಲಿನ) ಕೆಳಗೆ ಚಲೋ. ಸುತ್ತ ಒದ್ದೆ ಗೋಣಿತಾಟು ಸುತ್ತಿದರೆ ಮಧ್ಯಾಹ್ನ ದಾಟುತ್ತದೆ.

ಯಾವ ನೀರು ಎಂಬುದೂ ಮುಖ್ಯ. ಬೋರಿನ ಸವುಳು ನೀರನ್ನು ದಿನವೂ ಹಾಕಿದರೆ ನೀರು ಆರಿ ಉಪ್ಪು ಉಳಿಯುತ್ತದೆ, ಕೊನೆಗೆ ಆ ಗೊಬ್ಬರ ಹಾಕಿದ ಗಿಡದ ಎಲೆಯಂಚು ಸುಡುತ್ತದೆ. ಅಕ್ಕಿ ಬೇಳೆ ತೊಳೆದ ನೀರು ಇದಕ್ಕೆ ತಕ್ಕದ್ದು. ಮಡಕೆಯ ಹೊರಮೈಗೆ ಬಿಳಿ ಪುಡಿ ಹತ್ತಿದ್ದನ್ನು ಬೂಷ್ಟು ಎಂದು ಹೆದರಿ ಬಿಸಾಕುವವರಿದ್ದಾರೆ. ಅದು ಉಪ್ಪು, ಒಣ ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ.

ಬೆಳಗಾವಿಯಲ್ಲಿ ಕತೆ ತಿರುವುಮುರುವು. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಬೆಳಗಾವಿ ನಗರದಲ್ಲಿ ಅದರ ಎರಡು ಪಟ್ಟು, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈ ತಿಂಗಳ ಜಿಟಿಜಿಟಿಯಲ್ಲಿ ಮಡಕೆಯ ಮೈ ತೇವ ಬಿಡುವುದಿಲ್ಲ, ಒಳಗಿನ ಕಸ ಅಂಬಲಿಯಾಗುತ್ತದೆ. ಆಗ ಹಸಿ ಒಂದು ಬಟ್ಟಲಿಗೆ ಒಣದ್ದು ಎರಡು ಬಟ್ಟಲು. ಮಳೆ ಹಿಡಿದ ಮೇಲೆ ಒಣ ಎಲೆ ಹುಡುಕಿದರೆ ಎಲ್ಲಿಯೂ ಸಿಗದು, ಮಿರಗ (ಮೃಗಶಿರಾ ಮಳೆ) ಕೂಡುವ ಮೊದಲೇ ಎರಡು-ಮೂರು ಚೀಲ ತುಂಬಿ ಮಾಡಿನ ಕೆಳಗೆ ಇಡಬೇಕು. ಒಂದೇ ಸೆಟ್ ಕೊಂಡ ಬೆಳಗಾವಿಯವರು ‘ನಾರುತ್ತದೆ’ ಎಂದು, ವಿಜಯಪುರದವರು ‘ಕೊಳೆಯುವುದೇ ಇಲ್ಲ’ ಎಂದು ದೂರುವುದು ಇದೇ ಕಾರಣಕ್ಕೆ. ಮಾರುವವರು ಇನ್ನೊಂದು ಪುಟ ಅಚ್ಚು ಹಾಕಿಸಿದ್ದರೆ ಮುಗಿಯುತ್ತಿತ್ತು.

ಮನೆಯ ಊಟಕ್ಕೂ ಕೈಪಿಡಿಯಲ್ಲಿ ಜಾಗವಿಲ್ಲ. ಉಳಿದ ಕಟಕ ರೊಟ್ಟಿಯನ್ನು ಮುರಿದು, ನೀರಿನಲ್ಲಿ ನೆನೆಸಿ, ನಡುವೆ ಹುಗಿಯಬೇಕು. ಮೇಲೆ ಎಸೆದರೆ ಇಲಿಗಳಿಗೆ ಆಮಂತ್ರಣ. ಎಣ್ಣೆಗಾಯಿಯ ಎಣ್ಣೆ, ಉಪ್ಪಿನಕಾಯಿ, ಮಾಂಸದ ಎಲುಬು ಬೇಡ. ಇಂಡಿ ಸೀಮೆಯ ಲಿಂಬೆ ಅಗ್ಗವಾದ ದಿನಗಳಲ್ಲಿ ಹಿಂಡಿದ ಹೋಳುಗಳ ರಾಶಿಯೇ ಬೀಳುತ್ತದೆ. ದಿನಕ್ಕೆ ಮೂರು-ನಾಲ್ಕು ಹಣ್ಣಿನದು ಕತ್ತರಿಸಿ ಹಾಕಿದರೆ ತೊಂದರೆ ಇಲ್ಲ, ಒಮ್ಮೆಲೆ ಬುಟ್ಟಿಗಟ್ಟಲೆ ಹಾಕಿದರೆ ಹುಳಿ ಏರಿ ಕೊಳೆಯುವುದು ನಿಲ್ಲುತ್ತದೆ. ದಾಳಿಂಬೆ ಸಿಪ್ಪೆ ನಿಧಾನ. ಹಬ್ಬದ ಮರುದಿನ ಚೆಂಡು ಹೂವಿನ ಮಾಲೆಯ ದಾರ ಮೊದಲು ಎಳೆದು ತೆಗೆಯಿರಿ, ಇಲ್ಲದಿದ್ದರೆ ಅದು ಕೈಕುಂಟೆಗೆ ಸುತ್ತಿ ಸುತ್ತಿ ಜೀವ ತಿನ್ನುತ್ತದೆ.

ಕೆಟ್ಟಿತು ಎಂಬುದನ್ನು ಮೂಗೇ ಹೇಳುತ್ತದೆ. ಕೊಳೆತ ಮೊಟ್ಟೆಯ ನಾತವಿದ್ದರೆ ಗಾಳಿ ಇಲ್ಲ, ನೀರು ಹೆಚ್ಚು. ಎಲ್ಲವನ್ನೂ ಹೊರಗೆ ಸುರಿದು, ಶೇಂಗಾ ಸಿಪ್ಪೆ ಬೆರೆಸಿ ಮತ್ತೆ ತುಂಬಬೇಕು. ಮೂತ್ರದಂತಹ ಘಾಟು ಬಂದರೆ ಸಾರಜನಕ ಹೆಚ್ಚಾಗಿದೆ, ಕಣಕಿ ಸೇರಿಸಿ. ಬೆರಳ ಗೆಣ್ಣಿನುದ್ದದ, ಬೂದುಬಣ್ಣದ ದಪ್ಪ ಹುಳ ಕಂಡರೆ ಕೂಗಾಡಬೇಡಿ. ಕಪ್ಪು ಸೈನಿಕ ನೊಣದ ಮರಿಗಳವು, ಕಚ್ಚುವುದಿಲ್ಲ, ಕಸವನ್ನು ಭರಭರನೆ ತಿಂದು ಕರಗಿಸುತ್ತವೆ. ನೋಡಲಾಗದಿದ್ದರೆ ಒಣ ವಸ್ತು ಹೆಚ್ಚಿಸಿ, ಕಡಿಮೆಯಾಗುತ್ತವೆ. ಗೊಬ್ಬರ ಹಣ್ಣಾಯಿತೋ ಇಲ್ಲವೋ ತಿಳಿಯಲು ಒಂದು ಹಿಡಿಯನ್ನು ತೇವ ಮಾಡಿ ಡಬ್ಬಿಯಲ್ಲಿ ಎರಡು ದಿನ ಮುಚ್ಚಿಡಿ. ತೆರೆದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸರಿ. ಒಂದು ಪಾಲು ಗೊಬ್ಬರಕ್ಕೆ ಮೂರು ಪಾಲು ಮಣ್ಣು. ಟೊಮ್ಯಾಟೊ ಸಸಿಗಳು ತಾವಾಗಿಯೇ ಎದ್ದರೆ ಅಚ್ಚರಿ ಬೇಡ, ಈ ಗಾತ್ರದ ಮಡಕೆಯಲ್ಲಿ ಬೀಜ ಸಾಯುವಷ್ಟು ಕಾವು ಏರುವುದಿಲ್ಲ.

ಕಾವು ಬೇಕೆಂದರೆ ರಾಶಿ ದೊಡ್ಡದಿರಬೇಕು. ಒಂದು ಓಣಿಯ ಹತ್ತು ಮನೆಯವರು ಹತ್ತು ಸೆಟ್ ತರಿಸುವ ಯೋಚನೆಯಲ್ಲಿದ್ದರೆ ನಮ್ಮ ಸಲಹೆ ಸ್ಪಷ್ಟ: ತರಿಸಬೇಡಿ. ನಾಲ್ಕು ಅಡಿ ಎತ್ತರದ ತಂತಿ ಜಾಳಿಗೆ 30 ಅಡಿ ಕೊಂಡು, ಹತ್ತಡಿಯ ಮೂರು ತುಂಡು ಮಾಡಿ ಸುರುಳಿ ಕಟ್ಟಿದರೆ ಮೂರಡಿ ಅಗಲದ ಮೂರು ಕಣಜ ಆಗುತ್ತವೆ. ಒಂದೊಂದರಲ್ಲಿ ಸುಮಾರು 800 ಲೀಟರ್ ಹಿಡಿಯುತ್ತದೆ. ಹತ್ತು ಮನೆಯ ಕಸಕ್ಕೆ ಒಂದು ಕಣಜ ಒಂದು ತಿಂಗಳಿಗಿಂತ ಹೆಚ್ಚು ಬರುತ್ತದೆ. ತಳದಲ್ಲಿ ನಾಲ್ಕು ಇಂಚು ತೊಗರಿ ಕಟ್ಟಿಗೆ ಹಾಸಿ, ಕೆಳಗಿನಿಂದ ಗಾಳಿ ಏಳಲಿ. ಬಿಸಿಲೂರಿನಲ್ಲಿ ಜಾಳಿಗೆಯ ಒಳಮೈಗೆ ಗೋಣಿತಾಟು ಹೊಲಿಯಿರಿ, ಹಂದಿ ನಾಯಿಗಳ ಕಾಟವಿದ್ದರೆ ಬಾಯಿಗೂ ಜಾಳಿಗೆ ಕಟ್ಟಿ. ಗುಂಡಿ ತೋಡುವ ಹಳೆಯ ಪದ್ಧತಿ ಮಸಾರಿ (ಕೆಂಪು ಮಣ್ಣಿನ) ನೆಲಕ್ಕೆ ಒಗ್ಗೀತು. ಎರಿ (ಕಪ್ಪು) ಮಣ್ಣಿನಲ್ಲಿ ಮಳೆ ನೀರು ಇಂಗದೆ ಗುಂಡಿಯೇ ಹೊಂಡವಾಗುತ್ತದೆ. ಬಾಗಲಕೋಟೆಯ ನವನಗರದಂತಹ ಅಗಲ ಜಾಗದ ಬಡಾವಣೆಯಲ್ಲೂ ನೆಲದ ಮೇಲಿನ ಕಣಜವೇ ವಾಸಿ. ತಕ್ಕಷ್ಟು ತುಂಬಿದ ಮೂರ್ನಾಲ್ಕು ದಿನಕ್ಕೆ ಕಬ್ಬಿಣದ ಸರಳು ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ, ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ರಾಶಿ ಕೆಲಸ ಮಾಡುತ್ತಿದೆ. ಹತ್ತು ದಿನಕ್ಕೊಮ್ಮೆ ಮಗುಚಬೇಕು.

ಓಣಿಯ ಕಣಜ ಸೋಲುವುದು ಬಹುತೇಕ ಒಂದೇ ಕಡೆ. ಒಣ ವಸ್ತುವಿನ ಡ್ರಮ್ಮು ಪಕ್ಕದಲ್ಲಿ ಇಲ್ಲದಿದ್ದರೆ ಜನ ಹಸಿ ಕಸ ಸುರಿದು ನಡೆಯುತ್ತಾರೆ, ಮೂರನೇ ದಿನ ನೊಣ, ಐದನೇ ದಿನ ಜಗಳ. 200 ಲೀಟರಿನ ಮುಚ್ಚಳವಿರುವ ಡ್ರಮ್ಮು, ಅದರೊಳಗೆ ಒಂದು ಬೋಗುಣಿ, ಇವೆರಡು ಕಣಜಕ್ಕಿಂತ ಮೊದಲು ಬರಬೇಕು. ಕಸ ಪ್ಲಾಸ್ಟಿಕ್ ಚೀಲದಲ್ಲಿ ತರುವಂತಿಲ್ಲ, ಬಕೆಟ್ಟಿನಲ್ಲಿ ತಂದು ಸುರಿದು ತೊಳೆದುಕೊಂಡು ಹೋಗಬೇಕು. ಹಾಲಿನ ಪಾಕೀಟಿನ ಕತ್ತರಿಸಿದ ಮೂಲೆಯೇ ಅತಿ ದೊಡ್ಡ ಕಳ್ಳ. ಮೂಲೆಯನ್ನು ಪೂರ್ತಿ ಕತ್ತರಿಸದೆ ಪಾಕೀಟಿಗೆ ಅಂಟಿಯೇ ಬಿಡುವುದನ್ನು ಮನೆಮನೆಗೆ ಹೇಳಬೇಕು. ವಾರಕ್ಕೆ ಎರಡು ಮನೆಯ ಪಾಳಿ ಸಾಕು. ಒಣ ಕಸ, ಬಲ್ಬು-ಸೆಲ್ಲು-ಔಷಧಿಯಂತಹ ಅಪಾಯದ ಕಸ ಎರಡನ್ನೂ ಬೇರೆಯಾಗಿಯೇ ಗಾಡಿಗೆ ಕೊಡಬೇಕು, 2016ರ ಘನತ್ಯಾಜ್ಯ ನಿಯಮಗಳೇ ಮನೆಯಲ್ಲಿ ಮೂರು ಪಾಲು ಮಾಡಲು ಹೇಳಿದ್ದವು.

ಬಾಡಿಗೆ ಮನೆ, ಅಂಗಳವಿಲ್ಲದ ಮಹಡಿ ಮನೆಗಳವರಿಗೆ ಮಡಕೆ ಸೆಟ್ಟೇ ಸರಿ. ಅದನ್ನು ದೂರದಿಂದ ತರಿಸುವ ಬದಲು ಕುಂಬಾರರಲ್ಲಿ ಮಾಡಿಸಬಹುದು. ಬೆಳಗಾವಿ ಜಿಲ್ಲೆಯ ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲಿದೆ. ಮಾಡಿಸುವಾಗ ಹೇಳಬೇಕಾದ ಅಳತೆ ಇದು: ಬಾಯಿ ಒಂದು ಅಡಿಗಿಂತ ಅಗಲ, ಪಕ್ಕದಲ್ಲಿ 8–10 ಮಿಲಿಮೀಟರಿನ ಹತ್ತು-ಹನ್ನೆರಡು ತೂತು, ಅಂಚು ಎರಡು ಬೆರಳು ದಪ್ಪ. ತೂತುಗಳನ್ನು ಹಸಿ ಮಣ್ಣಿನಲ್ಲೇ, ಸುಡುವ ಮೊದಲು ಮಾಡಿಸಿ. ಸುಟ್ಟ ಮಡಕೆಯೇ ಸಿಕ್ಕಿದ್ದರೆ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಡ್ರಿಲ್ಲಿನ ಸುತ್ತಿಗೆ ಹೊಡೆತ ಬಂದ್ ಮಾಡಿ, ಗೋಡೆ ಕೊರೆಯುವ ಬಿಟ್‌ನಿಂದ ನಿಧಾನವಾಗಿ ಕೊರೆಯಬೇಕು. ಅವಸರ ಮಾಡಿದರೆ ನಾಲ್ಕನೇ ತೂತಿಗೆ ಮಡಕೆ ಎರಡು ಹೋಳು.