ಪಕ್ಕದಲ್ಲಿ ಕೂತವರಿಗಷ್ಟೇ ಗೊತ್ತಾಗುವ ಮಲ್ಲಿಗೆ: ಕನೌಜ್ ಅತ್ತರ್ ಬಳಸಿ ನೋಡಿದ ಮೇಲೆ

ಇದನ್ನು ಹಚ್ಚಿಕೊಂಡು ಆಫೀಸಿಗೆ ಹೋದರೆ ಯಾರೂ "ಯಾವ ಸೆಂಟು?" ಅಂತ ಕೇಳುವುದಿಲ್ಲ. ನನಗೆ ಬೇಕಾಗಿದ್ದೂ ಅದೇ. ನಾವು ಇಳಿದುಹೋದ ಮೇಲೂ ಲಿಫ್ಟಿನಲ್ಲೇ ಉಳಿಯುವ ಪರ್ಫ್ಯೂಮ್‌ಗಳು ಬೇಕಾದಷ್ಟಿವೆ. ಇದು ಪಕ್ಕದಲ್ಲಿ ಕೂತವರಿಗೆ ಮಾತ್ರ, ಅದೂ ಫ್ಯಾನ್ ಗಾಳಿ ಆ ಕಡೆ ಬೀಸಿದಾಗ ಗೊತ್ತಾಗುತ್ತದೆ.

ಉತ್ತರ ಪ್ರದೇಶದ ಕನೌಜಿನ ಮೋತಿಯಾ ಅತ್ತರ್ ಇದು, ಅಂದರೆ ನಮ್ಮ ದುಂಡು ಮಲ್ಲಿಗೆಯದು. ಹೋದ ವರ್ಷದ ಬೇಸಿಗೆಯಿಂದ ದಿನಾ ಬಳಸುತ್ತಿದ್ದೇನೆ. ನಾನು ಗಂಡಸು, ಹೂ ಮುಡಿಯುವ ಭಾಗ್ಯ ಇಲ್ಲ. "ಗಂಡಸರು ಮಲ್ಲಿಗೆ ಹಚ್ಚಿಕೊಳ್ಳೋದಾ?" ಅಂತ ನಕ್ಕವರಿದ್ದಾರೆ. ಲಕ್ನೋ, ಹೈದರಾಬಾದ್ ಕಡೆ ಗಂಡಸರು ಅತ್ತರ್ ಹಚ್ಚುವುದು ತೀರಾ ಮಾಮೂಲು.

ಕನೌಜಿನ ಹಳೆಯ ಪದ್ಧತಿಯಲ್ಲಿ ತಾಮ್ರದ ಹಂಡೆಗೆ ಹೂವು, ನೀರು ಹಾಕಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ, ಕೆಳಗೆ ಸೌದೆ ಉರಿ ಹಾಕುತ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಹಾದು, ತಣ್ಣೀರಿನಲ್ಲಿಟ್ಟ ಭಪ್ಕಾ ಎಂಬ ಪಾತ್ರೆಗೆ ಇಳಿಯುತ್ತದೆ. ಅದರಲ್ಲಿ ಮೊದಲೇ ಇರುವ ಗಂಧದೆಣ್ಣೆ ಪರಿಮಳ ಹಿಡಿದುಕೊಳ್ಳುತ್ತದೆ. ಆಲ್ಕೋಹಾಲ್ ಇಲ್ಲ. ಸ್ಪ್ರೇ ಹೊಡೆದ ತಕ್ಷಣ ರಪ್ಪನೆ ಮೂಗಿಗೆ ಬಡಿಯುವುದು ಆಲ್ಕೋಹಾಲ್ ಬೇಗ ಆರುವುದರಿಂದ. ಎಣ್ಣೆ ಮೈ ಬಿಸಿಗೆ ನಿಧಾನವಾಗಿ ಪರಿಮಳ ಬಿಡುತ್ತದೆ. ಈ ಮೆತ್ತನೆ ಗುಣಕ್ಕೆ ಅದೇ ಕಾರಣ.

ಶೀಸೆಗೇ ಮೂಗಿಟ್ಟು ಮೂಸಿದರೆ ಮಾತ್ರ ನಿರಾಸೆ ಖಂಡಿತ. ದಟ್ಟವಾಗಿ, ಸ್ವಲ್ಪ ನುಸಿಗುಳಿಗೆಯ ಹಾಗೆ ಹೊಡೆಯುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ. ಮಲ್ಲಿಗೆಯಲ್ಲೇ ಇರುವ ಇಂಡೋಲ್ ಎಂಬ ವಸ್ತುವಿನ ವಾಸನೆ ಅದು. ತೆಳುವಾದಾಗ ಅದೇ ರಾತ್ರಿ ಅರಳಿದ ಹೂವಿನ ಕಂಪು ಕೊಡುತ್ತದೆ. ಅದನ್ನು ಪೂರ್ತಿ ತೆಗೆದ ಅಗ್ಗದ ಮಲ್ಲಿಗೆ ಸೆಂಟುಗಳು ಸೋಪಿನ ಹಾಗಿರುತ್ತವೆ ಅಲ್ವಾ? ಆದ್ದರಿಂದ ಅಂಗಡಿಯಲ್ಲೇ ತೀರ್ಮಾನ ಮಾಡಬೇಡಿ. ಮಣಿಕಟ್ಟಿಗೆ ಒಂದು ಚೂರು ಹಚ್ಚಿ, ಪೇಟೆ ಸುತ್ತಿ ಬಂದು ಆಮೇಲೆ ಮೂಸಿ.

"ಒಂದು ಗಂಟೆಗೇ ಹೋಯ್ತು, ದುಡ್ಡು ದಂಡ" ಅಂತ ಬೈಯುವವರಿಗೆ ಒಂದು ಮಾತು. ಒಂದೇ ಪರಿಮಳವನ್ನು ಹೊತ್ತುಗಟ್ಟಲೆ ಮೂಸಿದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ನನಗೆ ಏನೂ ಬರುತ್ತಿಲ್ಲ ಅನ್ನಿಸಿದಾಗಲೂ ಹೆಂಡತಿಗೆ ಬರುತ್ತಿರುತ್ತದೆ. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದ ಊಟದವರೆಗೆ ಆರಾಮಾಗಿ ಇರುತ್ತದೆ. ಕರ್ಚೀಫಿಗೆ ಹಚ್ಚಿದರೆ ಮಾರನೇ ದಿನವೂ ಉಂಟು. ಜಾಸ್ತಿ ಹಚ್ಚಿದರೆ ಸುಮ್ನೆ ತಲೆನೋವು ಬರುತ್ತದೆ.

ಕೊರತೆಗಳೂ ಇವೆ. ಬಿಳಿ ಶರ್ಟಿಗೆ ತಾಗಿದರೆ ಎಣ್ಣೆ ಕಲೆ ಗ್ಯಾರಂಟಿ. ರೋಲ್-ಆನ್ ಗುಂಡು ಸಡಿಲ, ಬ್ಯಾಗಿನಲ್ಲಿ ಸೋರುತ್ತದೆ. ಆರು ಎಂಎಲ್ ಶೀಸೆಗೆ ಸಾವಿರದ ಆಸುಪಾಸು ಕೊಟ್ಟೆ. ಈಗಿನ ಗಂಧದೆಣ್ಣೆ ರೇಟಿಗೆ ಈ ಬೆಲೆಯಲ್ಲಿ ಅಪ್ಪಟ ಗಂಧದೆಣ್ಣೆಯ ಅತ್ತರ್ ಸಿಗುವುದಿಲ್ಲ. ಬೇರೆ ಎಣ್ಣೆ ಬೆರೆತೇ ಇರುತ್ತದೆ ಅಂದುಕೊಂಡೇ ಕೊಳ್ಳಿ. ಮೂಸಿದಾಗಲೂ ಗಂಧ ತೆಳುವೇ.

ದೊಡ್ಡ ಶೀಸೆ ಬೇಡ. ಬಿಸಿಲು ಬೀಳದ ಬೀರುವಿನಲ್ಲಿಡಿ. ಮದುವೆ ರಿಸೆಪ್ಷನ್ನಿನಲ್ಲಿ ಎಲ್ಲರೂ ತಿರುಗಿ ನೋಡಬೇಕು ಅನ್ನುವವರು ಬೇರೆ ಏನಾದರೂ ಕೊಳ್ಳಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕು, ಆ ಒಂದನ್ನು ಕಳೆದದ್ದು ಸೋರುವ ಶೀಸೆಗೆ.