ಪೈಥಾನ್‌ನ ಫೈಂಡ್: ಆರು ವರ್ಷ ಬಳಸಿದ ಮೇಲೆ

ಲಾಗ್ ಫೈಲ್ (ಪ್ರೋಗ್ರಾಂಗಳು ತಮ್ಮ ಕೆಲಸವನ್ನು ದಾಖಲಿಸುವ ಫೈಲ್) ಜಾಲಾಡುವುದೇ ನನ್ನ ಕೆಲಸ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು) ಒಳಗೆ ಇನ್ನೊಂದನ್ನು ಹುಡುಕದ ದಿನವೇ ಇಲ್ಲ. ಮೊದಲೇ ಹೇಳಿಬಿಡುತ್ತೇನೆ: ಪದ ಇದೆಯೋ ಇಲ್ಲವೋ ಹೇಳುವ ‘ಇನ್’ಗೆ ಐದು ಸ್ಟಾರ್, ಎಲ್ಲಿದೆ ಎಂದು ಹೇಳುವ ‘ಫೈಂಡ್’ಗೆ ಮೂರು.

ಫೈಂಡ್ ಸಿಕ್ಕ ಜಾಗದ ನಂಬರ್ ಕೊಡುತ್ತದೆ, ಎಣಿಕೆ 0ಯಿಂದ. ಸಿಗದಿದ್ದರೆ -1. ಈ -1 ನನ್ನನ್ನು ಚೆನ್ನಾಗಿ ಆಟ ಆಡಿಸಿದೆ. ಶುರುವಿನಲ್ಲಿ, ನಿಜವೋ ಸುಳ್ಳೋ ಎಂದು ನೋಡುವ ‘ಇಫ್’ ಪಕ್ಕದಲ್ಲೇ ಫೈಂಡ್ ಬರೆದುಬಿಟ್ಟಿದ್ದೆ. ಪೈಥಾನ್‌ಗೆ 0 ಅಂದರೆ ಸುಳ್ಳು, -1 ಅಂದರೆ ನಿಜ! ‘ಎರರ್’ ಪದವೇ ಇಲ್ಲದ ಸಾಲುಗಳೆಲ್ಲ ಒಳಗೆ ಬಂದವು. ಆ ಪದದಿಂದಲೇ ಶುರುವಾಗುವ ಸಾಲುಗಳು ಮಾತ್ರ ಹೊರಗೆ. ಇನ್ನೊಂದು ಸಲ ಕೋಲನ್ ಹುಡುಕಿ, ಅಲ್ಲಿಂದ ಮುಂದಿನದನ್ನು ಕತ್ತರಿಸಿಕೊಂಡೆ. ಕೋಲನ್ ಇಲ್ಲದ ಸಾಲಿನಲ್ಲಿ ಸಿಕ್ಕಿದ್ದು -1, ಕತ್ತರಿಸುವಾಗ ಪೈಥಾನ್‌ಗೆ -1 ಎಂದರೆ ಕೊನೆಯ ಅಕ್ಷರ ಅಲ್ವಾ? ರಿಪೋರ್ಟ್ ತುಂಬ ಒಂಟಿ ಅಕ್ಷರಗಳು. ಪ್ರೋಗ್ರಾಂ ಮಾತ್ರ ಒಮ್ಮೆಯೂ ಗೊಣಗಲಿಲ್ಲ. ಎರಡು ದಿನ ಹಾಳು.

ಈಗ ಇದೆಯೋ ಇಲ್ಲವೋ ಅಂತಷ್ಟೇ ನೋಡಬೇಕಿದ್ದರೆ ‘ಇನ್’. ಜಾಗ ಬೇಕಿದ್ದರೆ ‘ಇಂಡೆಕ್ಸ್’. ಸಿಗದಿದ್ದರೆ ಅದು ವ್ಯಾಲ್ಯೂಎರರ್ ಎಂಬ ದೋಷ ಎಸೆದು ನಿಂತುಬಿಡುತ್ತದೆ. ಕಿರಿಕಿರಿಯೇ, ಆದರೆ ಸುಮ್ನೆ ತಪ್ಪು ಉತ್ತರ ಕೊಡುವುದಕ್ಕಿಂತ ವಾಸಿ. ಕೋಲನ್ ಹತ್ತಿರ ಸಾಲನ್ನು ಒಡೆಯಲು ‘ಪಾರ್ಟಿಷನ್’ ಸಾಕು. ‘ಕೌಂಟ್’ ಬಗ್ಗೆ ಒಂದು ಮಾತು: ‘ಪಟಪಟಪಟ’ದಲ್ಲಿ ‘ಪಟಪಟ’ ಎಷ್ಟು ಸಲ ಇದೆ ಅಂದರೆ 1 ಅನ್ನುತ್ತದೆ. ಒಂದರ ಮೇಲೊಂದು ಬರುವುದನ್ನು ಅದು ಎಣಿಸುವುದಿಲ್ಲ.

ವೇಗದ ಬಗ್ಗೆ ದೂರಿಲ್ಲ. 2021ರಲ್ಲಿ ಬಂದ ಪೈಥಾನ್ 3.10ರಿಂದ ಉದ್ದದ ಹುಡುಕಾಟಗಳಿಗೆ ‘ಟೂ-ವೇ’ ಅಲ್ಗಾರಿದಮ್ (ಒಂದು ಹುಡುಕುವ ವಿಧಾನ) ಕೂಡ ಸೇರಿದೆ.

ನಿಜವಾದ ತಲೆನೋವು ಕನ್ನಡ ಪಠ್ಯದ್ದು. ‘ಸ್ನೇಹ’ದಲ್ಲಿ ‘ಹ’ ಎಲ್ಲಿದೆ ಎಂದು ಕೇಳಿ. ನಮ್ಮ ಕಣ್ಣಿಗೆ ಎರಡನೇ ಅಕ್ಷರ, ಹಾಗಾಗಿ 1 ಬರಬೇಕು. ಬರುವುದು 4. ಸ, ಹಲಂತ, ನ, ಏತ್ವ, ಹ ಎಂದು ಒಂದೊಂದನ್ನೂ ಬೇರೆಯಾಗಿ ಎಣಿಸುತ್ತದೆ. ಇದಕ್ಕೆ ಒಗ್ಗಿಕೊಂಡೆ. ಆದರೆ ಒಂದು ಫೈಲಿನಲ್ಲಿ ಕಣ್ಣೆದುರೇ ಇದ್ದ ‘ಸ್ನೇಹ’ಕ್ಕೆ -1 ಬಂತು! ಅಲ್ಲಿ ‘ನೇ’ಯ ದೀರ್ಘ ಬೇರೆ ಕೋಡ್ ಆಗಿ ಕೂತಿತ್ತು. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಒಳಗೆ ಮಾತ್ರ ಬೇರೆ. ಅಂದಿನಿಂದ ಹುಡುಕುವ ಪದವನ್ನೂ ಪಠ್ಯವನ್ನೂ ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ನಾರ್ಮಲೈಸ್‌ನಲ್ಲಿ ಎನ್‌ಎಫ್‌ಸಿ (ಹೀಗೆ ಬಿಡಿಯಾದ ಕೋಡ್‌ಗಳನ್ನು ಒಂದಾಗಿಸುವ ರೂಪ) ಮಾಡಿಯೇ ಕೈ ಹಾಕುತ್ತೇನೆ.